ಪದ ಬೇಕು: ಇಂಜಿನ್ ಬದಲಿಸಿದ ಮೇಲೆ ಬರುವ 'ರಫ್ ಐಡಲ್'

ಎಲ್ಲರಿಗೂ ನಮಸ್ಕಾರ.

ಮೆಕ್ಯಾನಿಕ್‌ಗಳಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಹಳೆ ಇಂಜಿನ್ ಇಳಿಸಿ ಬೇರೆ ಇಂಜಿನ್ ಕೂರಿಸಿದ್ದಾರೆ. ಸ್ಟಾರ್ಟ್ ಆಗುತ್ತದೆ, ಓಡಿಸಿದರೆ ಓಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಮಾತ್ರ ನೆಟ್ಟಗೆ ನಿಲ್ಲುವುದಿಲ್ಲ. ಅದುರುತ್ತದೆ, ಕೆಲವು ಸಲ ಆಫೇ ಆಗಿಬಿಡುತ್ತದೆ. ಮೂಲದಲ್ಲಿ ಇದಕ್ಕೆ 'ರಫ್ ಐಡಲ್' ಅಂತಿದೆ.

ನನಗೆ ಬಂದ ಕರಡಿನಲ್ಲಿ 'ಒರಟು ನಿಷ್ಕ್ರಿಯತೆ' ಅಂತ ಹಾಕಿದ್ದಾರೆ. ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವ ಇಂಜಿನ್ ನಿಷ್ಕ್ರಿಯ ಹೇಗಾಗುತ್ತದೆ? ನಾನು ಯೋಚಿಸಿದ್ದು: ನಿಂತೋಟ, ಬಿಡುವೋಟ, ಸುಮ್ಮನೋಟ. ಯಾವುದೂ ಬಾಯಿಗೆ ಹತ್ತುತ್ತಿಲ್ಲ. 'ನಿರ್ವಾತ ಸೋರಿಕೆ', 'ಭೂಸಂಪರ್ಕ ತಂತಿ' ಅನ್ನುವ ಪದಗಳೂ ಅದೇ ಕರಡಿನಲ್ಲಿವೆ. ಇವನ್ನು ಉಳಿಸಿಕೊಳ್ಳಬಹುದಾ? ದಯವಿಟ್ಟು ಬೇಗ ಹೇಳಿ.

* * *

ಮೇಡಂ, ಮೂರೂ ಬೇಡ. 'ನಿಂತೋಟ' ಓದಿದವರಿಗೆ ತೋಟ ಕಾಣಿಸುತ್ತದೆ. 'ಸುಮ್ಮನೋಟ'ದಲ್ಲಿ ನೋಟ ಇದೆ. 'ಬಿಡುವೋಟ' ಅಂದರೆ ಚುನಾವಣೆಗೆ ನಿಂತವರು ತಿರುಗಿ ನೋಡುತ್ತಾರೆ. ಸಿಕ್ಕಿದ್ದಕ್ಕೆಲ್ಲ ಓಟ ಅಂಟಿಸುವ ಚಟ ಬಿಟ್ಟರೆ ಒಳ್ಳೆಯದು.

ನಮ್ಮಲ್ಲೇ ಒಳ್ಳೆಯ ಪದ ಇದೆ: ಹದ. ಹಳಗನ್ನಡದ 'ಪದ', ಪಾಲ್ ಹಾಲಾದ ಹಾಗೆ, ಹದ ಆಯಿತು. ತಮಿಳಿನಲ್ಲಿ ಇವತ್ತಿಗೂ 'ಪದಂ' ಅಂದರೆ ಹದವೇ. ಪಾಕಕ್ಕೆ ಹದ, ಮಣ್ಣಿಗೆ ಹದ, ಕತ್ತಿಯ ಬಾಯಿಗೆ ಹದ. ಇಂಜಿನ್ನಿಗೆ ಯಾಕಿಲ್ಲ? ಹದಗೆಡು ಅನ್ನುವ ಕ್ರಿಯಾಪದ ರೆಡಿ ಇದೆ. 'ಹದಗೆಟ್ಟ ತಿರುಗು' ಅನ್ನಿ, ಮುಗಿಯಿತು. ಇನ್ನು ಇಂಜಿನ್‌ಗೆ 'ಬಿಣಿಗೆ' ಅಂತ ಈಗಾಗಲೇ ಬರೆಯುವವರಿದ್ದಾರೆ. ನೀವೂ ಅದನ್ನೇ ಬಳಸಿ. ಬಳಸದೆ ಪದ ಬೆಳೆಯಲ್ಲ.

* * *

ಗ್ಯಾರೇಜಿಗೆ ಹೋಗಿ 'ಬಿಣಿಗೆಯ ತಿರುಗು ಹದಗೆಟ್ಟಿದೆ' ಅನ್ನಿ. ಗಾಡಿ ಬಿಟ್ಟು ನಿಮ್ಮನ್ನು ನೋಡುತ್ತಾರೆ.

* * *

ಮಾನ್ಯರೇ,

ಹಾಸ್ಯ ಸಾಕು. ತಾಂತ್ರಿಕ ಬರಹಕ್ಕೆ ಬೇಕಾದ್ದು ಖಚಿತತೆ. 'ಅಸ್ಥಿರ ಮಂದಗತಿ' ಎಂದರೆ ಎಲ್ಲವೂ ಬಂತು. ಎರಡೂ ಸಂಸ್ಕೃತ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವ ಅರಿಸಮಾಸದ ದೋಷವಿಲ್ಲ. ಹದ ಎಂಬುದು ಅಚ್ಚಗನ್ನಡ ಎಂದು ಇಷ್ಟು ಧೈರ್ಯವಾಗಿ ಹೇಳುವುದೂ ಸರಿಯಲ್ಲ. ಪಕ್ಷಿ ಹಕ್ಕಿಯಾದ ಹಾಗೆ ಸಂಸ್ಕೃತದ ಪದವೇ ಹದವಾಗಿರಬಾರದೇಕೆ?

* * *

ಹಕ್ಕಿಗೂ ಪಕ್ಷಿಗೂ ಅರ್ಥ ಒಂದೇ. ಸಂಸ್ಕೃತದ ಪದಕ್ಕೆ ಹೆಜ್ಜೆ, ಮಾತು, ಸ್ಥಾನ ಅಂತೆಲ್ಲ ಅರ್ಥ. ಪಾಕದ ಎಳೆಗೂ ಹೆಜ್ಜೆಗೂ ಏನು ಸಂಬಂಧ ಸ್ವಾಮಿ? ಬರೀ ಸದ್ದು ಹೊಂದಿದರೆ ವ್ಯುತ್ಪತ್ತಿ ಆಗಲ್ಲ. ಅರಿಸಮಾಸಕ್ಕೆ ಅಷ್ಟು ಹೆದರುವವರು 'ಮಳೆಗಾಲ' ಅನ್ನುವುದನ್ನೂ ಬಿಡಬೇಕಾಗುತ್ತದೆ.

* * *

ಮೇಡಂಗೆ ನಾಳೆ ಸಂಜೆಯೊಳಗೆ ಪದ ಬೇಕು. ಹದದ ಜಾತಕ ಆಮೇಲೆ ನೋಡೋಣ.

ನಾನು ಗಾಡಿ ಕೆಲಸದವನು, ಭಾಷಾಪಂಡಿತ ಅಲ್ಲ. ಆದರೆ ನೀವೆಲ್ಲ ಮೂರು ಬೇರೆ ಬೇರೆ ತೊಂದರೆಗೆ ಒಂದೇ ಪದ ಹುಡುಕುತ್ತಿದ್ದೀರಿ. ಇಂಗ್ಲಿಷಿನ 'ರಫ್ ಐಡಲ್' ಒಂದು ಚೀಲ. ಅದರಲ್ಲಿ ಏನು ಬೇಕಾದರೂ ತುಂಬಬಹುದು. ಗ್ಯಾರೇಜಿನಲ್ಲಿ ಹಾಗೆ ಮಾತಾಡಲ್ಲ.

ಮೊದಲನೆಯದು ಮಿಸ್ಸಿಂಗ್. ಯಾವುದೋ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರೆ ಗೊತ್ತಾಗುತ್ತೆ. ಫಟ್ ಫಟ್ ಫಟ್ ಅಂತ ಬರುವ ಗಾಳಿಯಲ್ಲಿ ಒಂದು ಏಟು ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಬರುತ್ತದೆ: ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಹೀಗೆ. ಪಿ0300 ಬಂದರೆ ಒಂದೇ ಕಡೆ ಅಂತ ಹೇಳಲಾಗದ ಮಿಸ್ಸಿಂಗ್. ಇಂಜಿನ್ ಬದಲಿಸಿದ ಗಾಡಿಯಲ್ಲಿ ಮೊದಲು ಪ್ಲಗ್ ವೈರ್ ನೋಡಬೇಕು. ಹೆಚ್ಚಿನ ನಾಲ್ಕು ಸಿಲಿಂಡರ್ ಇಂಜಿನ್‌ಗಳಲ್ಲಿ ಉರಿಯುವ ಸರದಿ 1-3-4-2. ಇಳಿಸಿ ಏರಿಸುವಾಗ ಎರಡು ವೈರ್ ಅದಲುಬದಲಾದರೆ ಸಾಕು. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ನ ಸಾಕೆಟ್ ಪೂರ್ತಿ ಕೂತಿದೆಯಾ ಅಂತಲೂ ಒತ್ತಿ ನೋಡಬೇಕು.

ಎರಡನೆಯದು ಏರಿಳಿತ. ಮೀಟರ್ ಮುಳ್ಳು 700ಕ್ಕೆ ಬಂದು, 1200ಕ್ಕೆ ಹೋಗಿ, ಮತ್ತೆ ಬೀಳುತ್ತದೆ. ಜನರೇಟರ್ ನೋಡಿಕೊಳ್ಳುವವರು 'ಹಂಟಿಂಗ್ ಹೊಡೀತಿದೆ' ಅನ್ನುವುದು ಇದಕ್ಕೇ. ಎಲ್ಲೋ ಗಾಳಿ ನುಗ್ಗುತ್ತಿರಬಹುದು. ಇಲ್ಲವೇ ಬ್ಯಾಟರಿ ಕಳಚಿದ ಮೇಲೆ ಥ್ರಾಟಲ್‌ನ (ಇಂಜಿನ್ನಿಗೆ ಗಾಳಿ ಬಿಡುವ ಕವಾಟದ) ಐಡ್ಲಿಂಗ್ ಮಟ್ಟವನ್ನು ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಮತ್ತೆ ಕಲಿಸಿಲ್ಲ. ಇಸಿಯು ಹಳೆ ಇಂಜಿನ್ನಿನದೇ ಆಗಿದ್ದರೆ ಕಥೆ ಇನ್ನೂ ಉದ್ದ. ಇಂಜಿನ್ನಿನ ತಿರುಗುವಿಕೆ ಓದುವ ಕ್ರ್ಯಾಂಕ್ ಸೆನ್ಸರ್ ಮುಂದೆ ತಿರುಗುವ ಹಲ್ಲಿನ ಚಕ್ರ ಎಲ್ಲ ಇಂಜಿನ್ನಿಗೂ ಒಂದೇ ಅಲ್ಲ. ಒಂದರಲ್ಲಿ 60 ಹಲ್ಲಿನ ಜಾಗದಲ್ಲಿ ಎರಡು ಖಾಲಿ, ಇನ್ನೊಂದರಲ್ಲಿ 36ರಲ್ಲಿ ಒಂದು ಖಾಲಿ. ಅದನ್ನೇ ತಪ್ಪಾಗಿ ಓದುವ ಇಸಿಯುಗೆ ಇಂಜಿನ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಎಷ್ಟೋ ಸಲ ಸ್ಟಾರ್ಟೇ ಆಗಲ್ಲ.

ಮೂರನೆಯದು ಬರೀ ಅದುರು. ಮುಳ್ಳು ಅಲುಗಲ್ಲ, ಏಟೂ ತಪ್ಪಲ್ಲ. ಸ್ಟಿಯರಿಂಗ್, ಸೀಟು, ಕನ್ನಡಿ ಎಲ್ಲ ನಡುಗುತ್ತವೆ. ಇದು ಇಂಜಿನ್ ಕೂರಿಸುವ ಮೌಂಟಿಂಗ್ ಕೆಲಸ. ಮೆದು ರಬ್ಬರಿನ ಬದಲು ಗಟ್ಟಿ ಮೌಂಟಿಂಗ್ ಹಾಕಿರುತ್ತಾರೆ. ಇಲ್ಲಾಂದ್ರೆ ಸೈಲೆನ್ಸರ್ ಪೈಪ್ ಬಾಡಿಗೆ ತಾಗುತ್ತಿರುತ್ತದೆ. ಇಲ್ಲಿ ಪ್ಲಗ್ ಬದಲಿಸಿದರೆ ದುಡ್ಡು ದಂಡ.

ಈಗ ಹೇಳಿ, 'ಅಸ್ಥಿರ ಮಂದಗತಿ' ಈ ಮೂರರಲ್ಲಿ ಯಾವುದು? ಮೂರನೆಯದರಲ್ಲಿ ಗತಿ ಸ್ಥಿರವಾಗೇ ಇದೆ!

'ನಿರ್ವಾತ ಸೋರಿಕೆ' ಖಂಡಿತ ಬೇಡ. ಸೋರುವುದು ಅಂದರೆ ಒಳಗಿನದು ಹೊರಗೆ ಬರುವುದು, ಅಲ್ವಾ? ಇಲ್ಲಿ ಆಗುವುದು ಉಲ್ಟಾ. ಥ್ರಾಟಲ್ ಮುಚ್ಚಿರುವಾಗ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಒತ್ತಡ ಕಡಿಮೆ. ಬಿರುಕು ಬಿಟ್ಟ ಹೋಸ್ ಅಥವಾ ಸರಿ ಕೂರದ ಗ್ಯಾಸ್ಕೆಟ್ ಮೂಲಕ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸ್ ಹಾಕಲು ಮರೆತರೂ ಇದೇ ಗತಿ. 'ಗಾಳಿ ಎಳೀತಿದೆ' ಅನ್ನುತ್ತೇವೆ. ಪುಸ್ತಕಕ್ಕೆ 'ಗಾಳಿ ಎಳೆತ' ಅನ್ನಿ. ಸೋರಿಕೆ ಅಂತ ಓದಿದ ಹುಡುಗ ಏನಾದರೂ ಒಸರುತ್ತಿದೆಯಾ ಅಂತ ಬಟ್ಟೆ ಹಿಡಿದು ಒರೆಸುತ್ತಾ ಕೂರುತ್ತಾನೆ. ಈ ಎಳೆತಕ್ಕೆ ಇನ್ನೊಂದು ಗುರುತು ಇದೆ. ಐಡ್ಲಿಂಗ್‌ನಲ್ಲಿ ಇಸಿಯು ಪೆಟ್ರೋಲ್ ಜಾಸ್ತಿ ಜಾಸ್ತಿ ಸೇರಿಸುತ್ತಿರುತ್ತದೆ. 2500ಕ್ಕೆ ರೇಸ್ ಮಾಡಿದರೆ ಆ ಹೆಚ್ಚುವರಿ ಇಳಿದುಬಿಡುತ್ತದೆ. ಯಾಕಂದ್ರೆ ಆಗ ಥ್ರಾಟಲ್ ಮೂಲಕ ಬರುವ ಗಾಳಿಯೇ ಬೇಕಾದಷ್ಟು, ಬಿರುಕಿನದು ಲೆಕ್ಕಕ್ಕಿಲ್ಲ.

'ಭೂಸಂಪರ್ಕ ತಂತಿ' ನೋಡಿ ನಗು ಬಂತು. ನಾಲ್ಕು ರಬ್ಬರ್ ಟಯರ್ ಮೇಲೆ ನಿಂತ ಗಾಡಿಯಲ್ಲಿ ಭೂಮಿ ಎಲ್ಲಿ ಬಂತು? ಆ ವೈರ್ ಇಂಜಿನ್ನಿಂದ ಬಾಡಿಗೆ ಹೋಗುತ್ತದೆ. ನಾವು 'ಬಾಡಿ ಅರ್ತ್' ಅನ್ನುತ್ತೇವೆ. ಪೇಂಟ್ ಕೆರೆಯದೆ ಅದರ ಮೇಲೇ ಬೋಲ್ಟ್ ಬಿಗಿದರೆ ಸೆನ್ಸರ್‌ಗಳೆಲ್ಲ ಸುಳ್ಳು ಹೇಳಲು ಶುರು ಮಾಡುತ್ತವೆ.

* * *

ವಿವರಣೆ ಚೆನ್ನಾಗಿದೆ. ಆದರೆ 'ಮಿಸ್ಸಿಂಗ್', 'ಬಾಡಿ ಅರ್ತ್' ಇವು ಕನ್ನಡವೇ? ಅರ್ತ್ ಅಂದರೂ ಭೂಮಿಯೇ ಅಲ್ಲವೇ, ಇಂಗ್ಲಿಷಿನಲ್ಲಿ ಬರೆದ ಮಾತ್ರಕ್ಕೆ ತಪ್ಪು ಮಾಯವಾಯಿತೇ? ಹೀಗೆ ಬಿಟ್ಟರೆ ನಾಳೆ ಕ್ರಿಯಾಪದವೊಂದೇ ನಮ್ಮದು. ದುರಸ್ತಿ ಎಂಬ ಸೊಗಸಾದ ಪದ ಬಿಟ್ಟು ರಿಪೇರಿ ಹಿಡಿದೆವು, ಆಗಲೇ ಜಾರಿದೆವು.

* * *

ದುರಸ್ತಿ ಪಾರಸಿಯಿಂದ ಬಂದದ್ದು. ಕಾರ್ಖಾನೆಯೂ ಅಲ್ಲಿಂದಲೇ. ಗಾಡಿಯ ಚಾವಿ ಪೋರ್ಚುಗೀಸರದು. ಮೊದಲು ಬಂದವರಿಗೆ ಮಣೆ, ಆಮೇಲೆ ಬಂದವರಿಗೆ ಬಾಗಿಲು ಅಂತ ನಿಯಮ ಇದೆಯಾ? ಬಾಡಿ ಅರ್ತ್‌ನಲ್ಲಿ ಭೂಮಿಯನ್ನು ಯಾರೂ ಹುಡುಕಲ್ಲ, ವೈರ್ ಹುಡುಕುತ್ತಾರೆ. ಅಷ್ಟು ಸಾಕು.

* * *

ಎರವಲು ಬೇಡ ಎಂದು ಯಾರೂ ಹೇಳಲಿಲ್ಲ. ಎರವಲು ತರುವ ಮುಂಚೆ ಮನೆಯಲ್ಲಿ ಇದೆಯಾ ಅಂತ ಹುಡುಕಿ ಎಂದೆ. ಮಿಸ್ಸಿಂಗ್‌ಗೆ 'ಏಟು ತಪ್ಪು' ಇಲ್ಲವೇ? ಗಾಡಿ ಕೆಲಸದವರೇ ಮೇಲೆ ಬರೆದಿದ್ದಾರೆ, 'ಏಟೂ ತಪ್ಪಲ್ಲ' ಅಂತ. ಅದು ತಾನಾಗಿ ಬಂದ ಮಾತು. ನಾನು ಕಟ್ಟಿದ್ದಲ್ಲ.

* * *

ಅದನ್ನು ಒಪ್ಪುತ್ತೇನೆ. ಆದರೆ ಮಿಸ್ಸಿಂಗ್ ಪಕ್ಕದಲ್ಲೇ ಇರಲಿ. ಸ್ಕ್ಯಾನರ್ ಪರದೆಯಲ್ಲಿ 'ಏಟು ತಪ್ಪು' ಅಂತ ಬರಲ್ಲ.

* * *

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ಹೀಗೆ ಮಾಡಿದ್ದೇನೆ: 'ಇಂಜಿನ್ ಬದಲಿಸಿದ ಮೇಲೆ ಐಡ್ಲಿಂಗ್ ನೆಟ್ಟಗೆ ನಿಲ್ಲುತ್ತಿಲ್ಲವೇ?' ಅದರ ಕೆಳಗೆ ಮೂರು ಉಪತಲೆಬರಹ: ಏಟು ತಪ್ಪು ಅಥವಾ ಮಿಸ್ಸಿಂಗ್, ಏರಿಳಿತ, ಅದುರು. ಮೂಲದಲ್ಲಿ ಕಾರಣಗಳೆಲ್ಲ ಒಂದೇ ಉದ್ದ ಪಟ್ಟಿಯಲ್ಲಿದ್ದವು. ಅವನ್ನು ಈ ಮೂರಕ್ಕೆ ಹಂಚಲು ಪ್ರಕಾಶಕರು ಒಪ್ಪಿದ್ದಾರೆ. ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು ಹೊಂದಿಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಆಚೀಚೆ ಕೂತಿದ್ದರೆ ಅದು ಯಾವುದರ ಕೆಳಗೆ ಬರುತ್ತದೆ? ಇದೊಂದು ಉಳಿದಿದೆ.

* * *

ಏಟು ತಪ್ಪಿನ ಕೆಳಗೇ ಹಾಕಿ. ಆದರೆ ಆಗ ಒಂದೇ ಸಿಲಿಂಡರ್ ಅಲ್ಲ, ಎಲ್ಲವೂ ಸೊರಗುತ್ತವೆ. ಪಿಕಪ್ ಕೂಡ ಇರಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗೆ ಏರುವ ಒತ್ತಡ) ನೋಡಿದರೆ ನಾಲ್ಕರಲ್ಲೂ ಸಮನಾಗಿ ಕಡಿಮೆ ಬರುತ್ತದೆ. ಅದನ್ನೊಂದು ಸಾಲು ಸೇರಿಸಿ.

* * *

ಅಂದ ಹಾಗೆ ಅದು 'ಎಂಜಿನ್', 'ಇಂಜಿನ್' ಅಲ್ಲ.