1998ರ ಮಾರುತಿ 800: ಬೆಳಿಗ್ಗೆ ಟಕ್ ಟಕ್ ಸದ್ದು, ಬಿಸಿಯಾದ ಮೇಲೆ ಮಾಯ. ಟ್ಯಾಪೆಟ್ ಬಿಗಿ ಮಾಡಿದರೂ ಹೋಗವಲ್ತು

ಮೂರು_ಸಿಲಿಂಡರ್ (ಹುಬ್ಬಳ್ಳಿ)

ಗಾಡಿ 1998ರ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್, ನಾಲ್ಕು ಗೇರು. ಓಡಿದ್ದು 1,12,000 ಕಿ.ಮೀ.

ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಟಕ್ ಟಕ್ ಟಕ್ ಅಂತ ಗಟ್ಟಿ ಸದ್ದು ಬರತೈತಿ. ಎಕ್ಸಲೇಟರ್ ಕೊಟ್ಟಂಗ ಜೋರಾಗತೈತಿ. ವಿದ್ಯಾನಗರದಿಂದ ಹೊರಟು ಉಣಕಲ್ ಕೆರಿ ದಾಟೂದ್ರೊಳಗ ಕಡಿಮೆ ಆಗಿ, ಟೆಂಪರೇಚರ್ ಮುಳ್ಳು ನಡುವಿಗೆ ಬಂದಾಗ ಹೆಚ್ಚೂಕಡಿಮೆ ನಿಂತೇ ಬಿಡತೈತಿ. ಆಯಿಲ್ 20W-40, ಹಾಕಿ 2,000 ಕಿ.ಮೀ. ಆಗೈತಿ. ಆಯಿಲ್ ಲೈಟ್ ಎರಡು ಸೆಕೆಂಡಿನೊಳಗ ಆರತೈತಿ.

ಗ್ಯಾರೇಜಿನ್ಯಾಗ ಎರಡು ಸಲ ಟ್ಯಾಪೆಟ್ (ವಾಲ್ವ್ ಗ್ಯಾಪ್ ಇಡೋ ಸ್ಕ್ರೂ) ಬಿಗಿ ಮಾಡಿ ಕೊಟ್ರು. ಸದ್ದು ಹಂಗ ಐತಿ. ಎರಡನೇ ಸಲದ ಮ್ಯಾಲೆ ಐಡಲ್‌ದಾಗ ಗಾಡಿ ಸಣ್ಣಗ ನಡುಗಾಕತ್ತೈತಿ. ಈಗ ಎಂಜಿನ್ ಇಳಿಸಬೇಕು ಅಂತಾರ. ಇಳಿಸೂಕಿಂತ ಮೊದಲ ಮನ್ಯಾಗ ಏನೇನು ನೋಡಬಹುದ್ರಿ?

ನವಲೂರ_ಪೇರಲ (ಧಾರವಾಡ)

ಎಂಜಿನ್ ಇಳಿಸಬ್ಯಾಡ್ರಿ. ಅರ್ಧ ಉತ್ತರ ನೀವು ಬರೆದದ್ದರಾಗೇ ಅದ.

ಈ 796 ಸಿಸಿ ಎಂಜಿನ್‌ಗೆ ಆಯಿಲ್ ಒತ್ತಡದಿಂದ ತಾನ ಗ್ಯಾಪ್ ಸರಿ ಮಾಡಿಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ. ವಾಲ್ವ್ ಒತ್ತಿ ತೆರೆಯೋ ರಾಕರ್ ತುದಿಗೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್, ಅಷ್ಟ. ಎಂಜಿನ್ನಿನ ಮ್ಯಾಲಿನ ಭಾಗ, ಅಂದ್ರ ಹೆಡ್, ಅಲ್ಯುಮಿನಿಯಂದು. ಬಿಸಿ ಆದಾಗ ಅದು ಉಕ್ಕಿನ ವಾಲ್ವಿಗಿಂತ ಹೆಚ್ಚು ಹಿಗ್ಗತದ, ಹಿಂಗಾಗಿ ಸ್ಕ್ರೂಗೂ ವಾಲ್ವಿಗೂ ನಡುವಿನ ಗ್ಯಾಪ್ ದೊಡ್ಡದಾಗ್ತದ. ಮ್ಯಾನ್ಯುಯಲ್‌ದಾಗ ಬಿಸಿ ಎಂಜಿನ್ನಿನ ಅಳತಿ ತಣ್ಣನೇದಕ್ಕಿಂತ 0.10 ಮಿ.ಮೀ. ಜಾಸ್ತಿ ಕೊಟ್ಟಿರೂದು ಇದಕ್ಕ. ಅಂದಮ್ಯಾಲೆ ಸಡಿಲ ಟ್ಯಾಪೆಟ್ ಬಿಸಿ ಆದ್ರೂ ಮಾತಾಡೂದು ಬಿಡೂದಿಲ್ಲ. ನಿಮ್ಮದು ಉಲ್ಟಾ ನಡದದ.

ನನ್ನ ಅಂದಾಜು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರಿನ ಹೊಗಿ ಸೈಲೆನ್ಸರಿಗೆ ಒಯ್ಯೋ ಕೊಳವಿ) ಪ್ಯಾಕಿಂಗ್ ಸೋರಾಕತ್ತದ. ತಣ್ಣಗಿದ್ದಾಗ ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವ ಕೂದಲೆಳಿಯಷ್ಟು ಸಂದಿ ಇರ್ತದ. ಪ್ರತಿ ಸಲ ಎಕ್ಸಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಹೊಗಿ ಆ ಸಂದಿಯಿಂದ ಸಿಡೀತದ. ಕೇಳೋರಿಗೆ ಅದು ಕಬ್ಬಿಣಕ್ಕ ಕಬ್ಬಿಣ ಬಡದಂಗ ಅನಿಸ್ತದ. ಬೀಡಿನ ಮ್ಯಾನಿಫೋಲ್ಡ್ ಕಾದು ಹಿಗ್ಗಿದ ಮ್ಯಾಲೆ ಸಂದಿ ಮುಚ್ಚತದ, ಸದ್ದು ನಿಲ್ತದ. ಲೋಡ್ ಬಿದ್ದಾಗ ಹೊಗಿ ಒತ್ತಡ ಹೆಚ್ಚು, ಅದಕ್ಕ ಎಕ್ಸಲೇಟರ್ ಕೊಟ್ಟಾಗ ಜೋರು.

ಸದ್ದು ಎಣಿಸಿ ಹಿಡಿಯಾಕ ಹೋಗಬ್ಯಾಡ್ರಿ. 900 ಆರ್‌ಪಿಎಂ ಐಡಲ್‌ದಾಗ ಕ್ಯಾಮ್ 450 ಸುತ್ತು ತಿರಗತದ, ಅಂದ್ರ ಒಂದು ಸಡಿಲ ವಾಲ್ವ್ ಸೆಕೆಂಡಿಗೆ ಏಳೂವರಿ ಸಲ ಬಡೀತದ. ಒಂದು ಸಿಲಿಂಡರಿನ ಎಕ್ಸಾಸ್ಟ್ ಸೋರಿದ್ರೂ ಅದ ಏಳೂವರಿ. ಎಣಿಕಿ ಒಂದ, ರೋಗ ಬ್ಯಾರೆ. ಗ್ಯಾರೇಜಿನವರು ಮೋಸ ಹೋಗೂದು ಇಲ್ಲೇ.

ರಾತ್ರಿಯೆಲ್ಲಾ ನಿಂತ ಗಾಡಿ ಮ್ಯಾಲೆ ಹಿಂಗ ಮಾಡ್ರಿ. ಚಾಲೂ ಮಾಡೂಕಿಂತ ಮೊದಲ ಮೂರೂ ಪ್ಲಗ್ ಬಿಗಿ ಅದಾವೋ ನೋಡ್ರಿ. ಸಡಿಲ ಪ್ಲಗ್ ಇಂಥದ್ದ ಸದ್ದು ಮಾಡ್ತದ. ಬುಡಕ್ಕ ಸೋಪಿನ ನೀರು ಬಿಟ್ಟು ಚಾಲೂ ಮಾಡಿದ್ರ ಗುಳ್ಳಿ ಏಳತಾವ.

ಆಮ್ಯಾಲೆ ಆಲ್ಟರ್ನೇಟರ್, ವಾಟರ್ ಪಂಪ್ ತಿರಗಿಸೋ ಬೆಲ್ಟ್ ಬಿಚ್ಚಿ 30 ಸೆಕೆಂಡ್ ಓಡಿಸ್ರಿ, ಅದಕ್ಕಿಂತ ಹೆಚ್ಚು ಬ್ಯಾಡ. ಸದ್ದು ಹಂಗ ಇದ್ರ ಆ ಎರಡೂ ಬೇರಿಂಗ್ ಲೆಕ್ಕದಿಂದ ಹೊರಗ. ಬೆಲ್ಟ್ ವಾಪಸ್ ಹಾಕಿ.

ಈಗ ಮುಖ್ಯ ಪರೀಕ್ಷಾ. ಒಂದು ಮೀಟರ್ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡೋ ಗೆರಿ ಗುಂಟ ನಿಧಾನಕ್ಕ ಸರಿಸ್ರಿ. ಸೋರೋ ಜಾಗಕ್ಕ ಬಂದಾಗ ಚಟ್ ಚಟ್ ಅಂತ ಕಿವಿಗೆ ಗಾಳಿ ಹೊಡದಂಗ ಆಗ್ತದ. ಉದ್ದನ್ನ ಸ್ಕ್ರೂ ಡ್ರೈವರ್ ಇಲ್ಲಿ ಉಪಯೋಗಿಲ್ಲ, ಅದು ಲೋಹದ ಬಡಿತ ಕೇಳಸ್ತದ, ಗಾಳಿ ಸೋರೂದು ಕೇಳಸೂದಿಲ್ಲ. ಇದ ಹೊತ್ತಿಗೆ ಇನ್ನೊಬ್ಬರು ದಪ್ಪ ಹಸಿ ಅರಿವಿಯಿಂದ ಸೈಲೆನ್ಸರ್ ಬಾಯಿ ಎರಡು-ಮೂರು ಸೆಕೆಂಡ್ ಅರ್ಧ ಒತ್ತಿ ಹಿಡೀಲಿ. ಸೋರಿಕಿ ಇದ್ರ ಸದ್ದು ತಟ್ಟನ ಜೋರಾಗ್ತದ. ಟ್ಯಾಪೆಟ್ ಸದ್ದಿಗೆ ಸೈಲೆನ್ಸರ್ ಬಾಯಿ ಮುಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ.

ಇದೆಲ್ಲಾ ಬಯಲಾಗ ಮಾಡ್ರಿ. ಬಾಗಲಾ ಹಾಕಿದ ಶೆಡ್ಡಿನಾಗ ಎಂಜಿನ್ ಓಡಿಸಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಜೀವಕ್ಕ ಅಪಾಯ.

ಬೆಟಗೇರಿ_ಲೇಥ್ (ಗದಗ)

ಪೇರಲ ಅಣ್ಣಾರ ಹೇಳಿದ್ದು ಖರೆ, ಆದ್ರ ತಣ್ಣಗಿದ್ದಾಗ ಬಂದು ಬಿಸಿಗೆ ಹೋಗೋ ಸದ್ದು ಇನ್ನೊಂದೈತಿ. ಪಿಸ್ಟನ್ ಸ್ಲ್ಯಾಪ್. 1,12,000 ಓಡಿದ ಗಾಡಿಗೆ ಅದನ್ನ ಬಿಡಾಕ ಬರೂದಿಲ್ಲ. ಬೋರ್ (ಸಿಲಿಂಡರಿನ ಒಳಗೋಡಿ) ಸವದಿದ್ರ ತಣ್ಣನ ಪಿಸ್ಟನ್ ಗೋಡಿಗೆ ಬಡೀತೈತಿ, ಕಾದು ಹಿಗ್ಗಿದ ಮ್ಯಾಲೆ ಸುಮ್ಮನಾಗತೈತಿ. ಅದರ ಸದ್ದು ಸ್ವಲ್ಪ ಮೆತ್ತಗ, ಡಬ್ ಡಬ್ ಅಂದಂಗ.

ಪ್ಲಗ್ ವಾಯರ್ ತೆಗೆದು ನೋಡ್ರಿ ಅಂತ ಎಲ್ಲಾರೂ ಹೇಳತಾರ. ಅದು ಯಾವ ಸಿಲಿಂಡರ್ ಅಂತ ಹೇಳತೈತಿ, ಯಾವ ರೋಗ ಅಂತ ಹೇಳೂದಿಲ್ಲ, ಯಾಕಂದ್ರ ಆ ಸಿಲಿಂಡರಿನ ಬೆಂಕಿ ನಿಂತ್ರ ಎಕ್ಸಾಸ್ಟ್ ಸಿಡಿತಾನೂ ಕಡಿಮೆ, ಸ್ಲ್ಯಾಪೂ ಕಡಿಮೆ, ರಾಡ್ ಬೇರಿಂಗ್ ಬಡಿತಾನೂ ಕಡಿಮೆ. ಬದಲಾಗದೇ ಇರೂದು ಟ್ಯಾಪೆಟ್ ಒಂದ. ಹಂಗಾಗಿ ಮಾಡ್ರಿ, ಆದ್ರ ಎಂಜಿನ್ ಬಂದ್ ಮಾಡಿ ವಾಯರ್ ತೆಗೀರಿ. ಆ ವಾಯರಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ ಮೈ ಎಂಜಿನ್ನಿಗೆ ತಾಗುವಂಗ ಕಟ್ಟಿ, ಆಮ್ಯಾಲೆ ಚಾಲೂ ಮಾಡ್ರಿ. ವಾಯರ್ ಗಾಳ್ಯಾಗ ತೂಗಬಿಟ್ರ ಕಾಯಿಲ್ ಹೋಗತೈತಿ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ರ 30 ಸೆಕೆಂಡಿಗಿಂತ ಹೆಚ್ಚು ಬ್ಯಾಡ, ಸುಡದ ಪೆಟ್ರೋಲ್ ಅದನ್ನ ಹಾಳ ಮಾಡತೈತಿ.

ಸಿಲಿಂಡರ್ ಗೊತ್ತಾದ ಮ್ಯಾಲೆ, ಮರುದಿನ ಬೆಳಿಗ್ಗೆ ಅದರ ಪ್ಲಗ್ ಬಿಚ್ಚಿ ಒಂದು ಚಹಾ ಚಮಚ, ಅಂದ್ರ 5 ಮಿ.ಲೀ. ಎಂಜಿನ್ ಆಯಿಲ್ ಹಾಕ್ರಿ. ಪ್ಲಗ್ ಹಾಕದೇ ಸ್ಟಾರ್ಟರ್ ನಾಲ್ಕು ಸುತ್ತು ತಿರುಗಿಸಿ, ಆಮ್ಯಾಲೆ ಪ್ಲಗ್ ಹಾಕಿ ಚಾಲೂ ಮಾಡ್ರಿ. ಮೊದಲ ಅರ್ಧ ನಿಮಿಷ ಸದ್ದು ಗಪ್ಪಾದ್ರ ಸ್ಲ್ಯಾಪ್. ಏನೂ ಫರಕ್ ಇಲ್ಲಂದ್ರ ಪ್ಯಾಕಿಂಗ್. ಸ್ವಲ್ಪ ನೀಲಿ ಹೊಗಿ ಬರತೈತಿ, ಹೆದರಬ್ಯಾಡ್ರಿ.

ಎಂಜಿನ್ ಬಿಸಿ ಆದಂಗ ಜೋರಾಗೋ ಭಾರೀ ಬಡಿತ, ಅದ್ರ ಜೋಡಿ ಆಯಿಲ್ ಲೈಟ್ ಮಿಣಕ್ತೈತಿ ಅಂದ್ರ ಮಾತ್ರ ಗಾಡಿ ನಿಲ್ಲಿಸಿ ಟೋ ಮಾಡಸ್ರಿ. ಇಲ್ಲಿ ಆ ಲಕ್ಷಣ ಇಲ್ಲ.

ಮೂರು_ಸಿಲಿಂಡರ್ (ಹುಬ್ಬಳ್ಳಿ)

ಎರಡು ದಿನದಾಗ ಮಾಡಿದ್ದು:
ಪ್ಲಗ್ ಬಿಗಿ ಅದಾವು, ಗುಳ್ಳಿ ಇಲ್ಲ. ಬೆಲ್ಟ್ ಬಿಚ್ಚಿದ್ರೂ ಸದ್ದು ಹಂಗ. 3ನೇ ಸಿಲಿಂಡರಿನ ವಾಯರ್ ತೆಗೆದಾಗ ಸದ್ದು ಅರ್ಧಕ್ಕಿಂತ ಕಡಿಮೆ ಆತು, 1 ಮತ್ತ 2ಕ್ಕ ಏನೂ ಇಲ್ಲ. ಆಯಿಲ್ ಹಾಕಿದ್ರ ಫರಕ್ ಇಲ್ಲ. ಅರಿವಿ ಒತ್ತಿದಾಗ ಸದ್ದು ಎದ್ದು ಕುಂತಂಗ ಜೋರಾತು. ಮ್ಯಾನಿಫೋಲ್ಡ್ ಮ್ಯಾಲಿನ ತಗಡು ಬಿಚ್ಚಿ ನೋಡಿದ್ರ 3ನೇ ಪೋರ್ಟ್ ಕೆಳಗ ಕಾಡಿಗಿ ಬಳದಂಗ ಕರಿ ಗುರುತು ಐತಿ. ಬಿಚ್ಚಾಕ ಹತ್ತಲೇನ್ರಿ? ನಟ್ ಎಲ್ಲಾ ತುಕ್ಕು ಹಿಡದಾವು.

ಬೆಟಗೇರಿ_ಲೇಥ್ (ಗದಗ)

ಕಾಡಿಗಿ ಗುರುತು ಸಿಕ್ಕಮ್ಯಾಲೆ ಮತ್ತ ವಿಚಾರ ಮಾಡೂದು ಏನೂ ಇಲ್ಲ. ಆದ್ರ ಅವಸರ ಮಾಡಿದ್ರ ಸ್ಟಡ್ (ನಟ್ ಕೂಡೋ ತಲಿ ಇಲ್ಲದ ಬೋಲ್ಟ್) ಮುರೀತಾವು, ಸಣ್ಣ ಕೆಲಸ ದೊಡ್ಡದಾಗತೈತಿ.

ಹಿಂದಿನ ದಿನ ಸಂಜೀಕ ತಂತಿ ಬ್ರಷ್‌ಲೇ ಕಾಣೋ ಥ್ರೆಡ್ ತಿಕ್ಕಿ ಪೆನಿಟ್ರೇಟಿಂಗ್ ಆಯಿಲ್ ಹೊಡೀರಿ. ರಾತ್ರಿ ಮತ್ತೊಮ್ಮೆ. ಬೆಳಿಗ್ಗೆ ಪೂರ್ತಿ ತಣ್ಣಗಿದ್ದಾಗಲೇ ಬಿಚ್ಚಬೇಕು, ಬಿಸಿ ಅಲ್ಯುಮಿನಿಯಂನ್ಯಾಗ ಸ್ಟಡ್ ಕಿತ್ರ ಥ್ರೆಡ್ ಸಮೇತ ಬರತೈತಿ. 12ರ ಸಾಕೆಟ್ ಹಾಕ್ರಿ, ಅದೂ ಆರು ಮೂಲಿದು. ರಿಂಗ್ ಪಾನಾ ಜಾರಿ ನಟ್ ಮೂಲಿ ಸವಸತೈತಿ. ಮೊದಲ ಸ್ವಲ್ಪ ಬಿಗಿ ಕಡೆ ತಿರುಗಿಸಿ, ಕಟ್ ಅಂದಮ್ಯಾಲೆ ಸಡಿಲ ಕಡೆ. ಕಾಲು ಸುತ್ತು ಬಿಚ್ಚಿ, ಹಿಂದಕ್ಕ ಬಂದು, ಮತ್ತ ಬಿಚ್ಚಿ. ಸ್ಪ್ರಿಂಗಿನಂಗ ಅಂಟಂಟಾಗಿ ತಿರಗಾಕತ್ತಿದ್ರ ಸ್ಟಡ್ ತಿರುಚಾಕತ್ತೈತಿ ಅಂತ ತಿಳೀರಿ. ಅಲ್ಲೇ ನಿಲ್ಲಿಸಿ ಮತ್ತ ಆಯಿಲ್ ಹೊಡದು ಒಂದು ತಾಸು ಬಿಡ್ರಿ.

ನಟ್ ಜೋಡಿ ಸ್ಟಡ್ಡೂ ಹೊರಗ ಬಂದ್ರ ಅದಕ್ಕೇನೂ ಬ್ಯಾಸರಿಲ್ಲ, ಹೊಸಾದು ಹಾಕ್ರಿ.

ಏಲಕ್ಕಿ_ಹಾರ (ಹಾವೇರಿ)

ಒಂದು ಮಾತು ಸೇರಿಸ್ತೀನಿ. ಪ್ಯಾಕಿಂಗ್ ಬದಲಿಸಿ ಸುಮ್ಮನೆ ಕಟ್ಟಿಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಇದೇ ಸದ್ದು. ಪ್ಯಾಕಿಂಗ್ ಯಾಕೆ ಸುಟ್ಟಿತು ಅನ್ನೋದು ನೋಡಿ. ಬಹಳ ಸಲ ಮ್ಯಾನಿಫೋಲ್ಡೇ ಸೊಟ್ಟಗಾಗಿರುತ್ತೆ. ಮುಖದ ಮೇಲಿನ ಹಳೇ ಪ್ಯಾಕಿಂಗ್ ಚೂರು ಕೆರೆದು, ಉಕ್ಕಿನ ನೇರ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.10 ಮಿ.ಮೀ. ಎಲೆ ಎಲ್ಲೂ ತೂರಬಾರದು. ತೂರಿದರೆ ಲೇಥ್ ಅಂಗಡಿಯಲ್ಲಿ ಮುಖ ಹೊಡೆಸಬೇಕು, ಅಂದರೆ ಕೂಡುವ ಮೇಲ್ಮೈ ಸಮ ಮಾಡಿಸಬೇಕು, ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಮಾಡಿಕೊಡ್ತಾರೆ. ಮೂರೂ ಪೋರ್ಟ್ ಒಂದೇ ಸೆಟ್ಟಿಂಗ್‌ನಲ್ಲಿ ಹೊಡೀಬೇಕು ಅಂತ ಹೇಳಿ, ಒಂದೊಂದೇ ತಿಕ್ಕಿದರೆ ಪ್ರಯೋಜನ ಇಲ್ಲ. ಹೆಡ್ ಕಡೆಯ ಮುಖವನ್ನೂ ಅದೇ ಪಟ್ಟಿಯಿಂದ ನೋಡಿ. ಕೆರೆಯೋಕೆ ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ಬಳಸಿ, ಅಲ್ಯುಮಿನಿಯಂ ಮೇಲೆ ಉಳಿ ಬೇಡ.

ಪ್ಯಾಕಿಂಗಿಗೆ ಸಿಲಿಕೋನ್ ಬಳಿಯಬೇಡಿ. ಮೊದಲ ದಿನವೇ ಸುಟ್ಟು, ಸುಟ್ಟ ಜಾಗ ಸಂದಿಯಾಗುತ್ತೆ. ಒಣ ಪ್ಯಾಕಿಂಗ್ ಸಾಕು. ನಟ್ ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ: ಮೊದಲು 10, ಆಮೇಲೆ 20 ನ್ಯೂಟನ್ ಮೀಟರ್. ಇದು 8 ಮಿ.ಮೀ. ಸ್ಟಡ್, ಲಾರಿ ವ್ಹೀಲ್ ನಟ್ ಅಲ್ಲ, ಪಾನಾಕ್ಕೆ ಪೈಪ್ ಹಾಕಿ ಎಳೆಯೋದು ಬೇಡ. ಥ್ರೆಡ್ಡಿಗೆ ತಾಮ್ರದ ಗ್ರೀಸ್ ಸ್ವಲ್ಪವೇ ಸ್ವಲ್ಪ ಹಚ್ಚಿ. ಮ್ಯಾನಿಫೋಲ್ಡ್ ಕೆಳಗೆ ಸೈಲೆನ್ಸರ್ ಪೈಪ್ ಕೂಡೋ ಕಡೆ ಇರುವ ಪ್ಯಾಕಿಂಗನ್ನೂ ಜೊತೆಗೇ ಬದಲಿಸಿ. ಪೈಪಿನ ರಬ್ಬರ್ ಹ್ಯಾಂಗರ್ ಹರಿದಿದ್ದರೆ ಇಡೀ ಸೈಲೆನ್ಸರ್ ಭಾರ ಈ ಸ್ಟಡ್‌ಗಳ ಮೇಲೇ ಬೀಳುತ್ತೆ, ಮ್ಯಾನಿಫೋಲ್ಡ್ ಸಡಿಲಾಗೋಕೆ ಅದೂ ಒಂದು ಕಾರಣ.

ನವಲೂರ_ಪೇರಲ (ಧಾರವಾಡ)

ಮ್ಯಾನಿಫೋಲ್ಡ್ ಲೇಥಿಗೆ ಹೋದಾಗ ಸುಮ್ಮನ ಕೂಡಬ್ಯಾಡ್ರಿ. ರಾಕರ್ ಕವರ್ ತೆಗೆದು ಟ್ಯಾಪೆಟ್ ಗ್ಯಾಪ್ ಅಳೀರಿ. ಐಡಲ್ ನಡುಗಾಕತ್ತಿದ್ದು ಎರಡನೇ ಸಲ ಬಿಗಿ ಮಾಡಿದ ಮ್ಯಾಲೆ ಅಂದ್ರಲ್ಲ, ನನಗ ಸದ್ದಿಗಿಂತ ಅದರದ್ದ ಚಿಂತಿ.

ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿ ಹೆಚ್ಚಾಗಿ ಬಿಡೂದು ಸೀಟಿಗೆ ತಾಗಿ ಕೂತಾಗ. ಗ್ಯಾಪ್ ಇಲ್ಲಂದ್ರ ಅದು ಪೂರ್ತಿ ಕೂಡೂದಿಲ್ಲ, ಅಂಚಿನಿಂದ ಬೆಂಕಿ ನುಗ್ಗತದ, ಅಂಚು ಸುಡತದ. ಸದ್ದು ಮಾಡೋ ಟ್ಯಾಪೆಟ್ ವರ್ಷಗಟ್ಟಲೆ ಓಡತದ, ಸದ್ದಿಲ್ಲದ ಬಿಗಿ ಟ್ಯಾಪೆಟ್ ಹೆಡ್ ಇಳಸ್ತದ.

ಇನ್ನೊಂದು ಸಾಮಾನ್ಯ ತಪ್ಪು: ಬಿಸಿ ಎಂಜಿನ್ ಮ್ಯಾಲೆ ತಣ್ಣನೇ ಅಳತಿ ಇಡೂದು. ತಣ್ಣನೇ ಅಳತಿ 0.15 ಅಂತ ತಿಳೀರಿ, ಅದನ್ನ ಬಿಸಿ ಇದ್ದಾಗ ಇಟ್ರ ರಾತ್ರಿ ಆರಿದ ಮ್ಯಾಲೆ 0.05 ಉಳೀತದ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ದಾಗಿನ ತಣ್ಣನೇ ಅಂಕಿ ತಗೊಂಡು, ತಣ್ಣಗಿದ್ದಾಗಲೇ ಇಡ್ರಿ.

ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಬೆಂಕಿ ಹತ್ತೋ ಸರದಿ) 1-3-2. ಟೈಮಿಂಗ್ ಬೆಲ್ಟ್ ಕಡೆಯದು ಒಂದನೇ ಸಿಲಿಂಡರ್. ಪ್ಲಗ್ ಮೂರೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರಗೋ ದಿಕ್ಕಿಗೇ ತಿರುಗಿಸ್ರಿ. ಒಂದನೇದರ ಪಿಸ್ಟನ್ ಕಂಪ್ರೆಶನ್ ಹೊತ್ತಿಗೆ (ಎರಡೂ ವಾಲ್ವ್ ಮುಚ್ಚಿದಾಗ) ಮ್ಯಾಲಿನ ತುದಿಗೆ ಬಂದಾಗ ಅದರ ಎರಡೂ ರಾಕರ್ ಕೈಯಾಗ ಅಲಗಾಡಬೇಕು, ಆವಾಗ ಅದರ ಎರಡು ವಾಲ್ವ್ ಅಳೀರಿ. ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿದ್ರ ಮೂರನೇದು, ಮತ್ತ 240ಕ್ಕ ಎರಡನೇದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೋಡಿ ತಿರಗತದ, ಹಂಗಾಗಿ ಬಿಗಿ ಮಾಡಿದ ಮ್ಯಾಲೆ ಇನ್ನೊಮ್ಮೆ ಅಳೀಲಿಕ್ಕೇ ಬೇಕು. ಎಲಿ ಎಳೆದ್ರ ಬೆಣ್ಣಿ ಮ್ಯಾಲೆ ಚಾಕು ಎಳದಂಗ ಸಣ್ಣ ತಡಿ ಇರಬೇಕು.

ಪ್ಲಗ್ ಹೆಂಗೂ ಬಿಚ್ಚಿರ್ತೀರಿ, ಕಂಪ್ರೆಶನ್ ಗೇಜ್ ಸಿಕ್ರ ಗ್ಯಾಪ್ ಇಡೂಕಿಂತ ಮೊದಲೊಮ್ಮೆ, ಇಟ್ಟ ಮ್ಯಾಲೊಮ್ಮೆ ಕಂಪ್ರೆಶನ್ ನೋಡ್ರಿ. ಕಾಯಿಲ್ ವಾಯರ್ ತೆಗೆದು, ಎಕ್ಸಲೇಟರ್ ಪೂರ್ತಿ ಒತ್ತಿ. ಸಿಲಿಂಡರಿಗೂ ಸಿಲಿಂಡರಿಗೂ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಹೆಚ್ಚು ಫರಕ್ ಇರಬಾರದು.

ಮೂರು_ಸಿಲಿಂಡರ್ (ಹುಬ್ಬಳ್ಳಿ)

ಮ್ಯಾನಿಫೋಲ್ಡ್ ಮುಖದ ಮ್ಯಾಲೆ 3ನೇ ಪೋರ್ಟಿನ ಹತ್ರ 0.25ರ ಎಲಿ ಸರಳ ಹೋತು. ಮುಖ ಹೊಡಸೇನಿ, ಈಗ 0.05 ಸೈತ ಹೋಗೂದಿಲ್ಲ. ಒಂದು ಸ್ಟಡ್ ನಟ್ ಜೋಡಿನ ಬಂತು, ಯಾವುದೂ ಮುರೀಲಿಲ್ಲ.

ಟ್ಯಾಪೆಟ್ ವಿಚಾರದಾಗ ಪೇರಲ ಅಣ್ಣಾರ ಚಿಂತಿ ಖರೆ ಆತು. 3ನೇ ಎಕ್ಸಾಸ್ಟ್‌ಗೆ 0.05ರ ಎಲಿನೂ ಹೋಗಲಿಲ್ಲ. ಕಂಪ್ರೆಶನ್ 11.5, 11.5, 9.5 ಇತ್ತು. ಗ್ಯಾಪ್ ಸರಿ ಇಟ್ಟ ಮ್ಯಾಲೆ ಮೂರನೇದು 11ಕ್ಕ ಬಂತು. ಎಲ್ಲಾ ಕಟ್ಟಿ ಚಾಲೂ ಮಾಡಿದ್ರ ಟಕ್ ಟಕ್ ಇಲ್ಲ, ನಡುಕಾನೂ ಇಲ್ಲ. ಕಿವಿ ಇಟ್ಟು ಕೇಳಿದ್ರ ಹೊಲಿಗಿ ಮಷಿನ್ನಿನಂಗ ಸಣ್ಣ ಸದ್ದು ಐತಿ.

ನವಲೂರ_ಪೇರಲ (ಧಾರವಾಡ)

11 ಬಂತಂದ್ರ ವಾಲ್ವ್ ಉಳದದ. 1,000 ಕಿ.ಮೀ. ಆದ ಮ್ಯಾಲೆ ಇನ್ನೊಮ್ಮೆ ಕಂಪ್ರೆಶನ್ ನೋಡ್ರಿ, ಮತ್ತ ಇಳದಿದ್ರ ಮಾತ್ರ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್. ಹೊಲಿಗಿ ಮಷಿನ್ ಸದ್ದು ಇರಲಿ, ಅದು ಸರಿಯಾದ ಗ್ಯಾಪಿನ ಸದ್ದು. ಅದನ್ನೂ ಗಪ್ ಮಾಡ್ತೀವಿ ಅಂತ ಯಾರರ ಸ್ಕ್ರೂ ಡ್ರೈವರ್ ತಂದ್ರ ಬಾನೆಟ್ ಮುಚ್ಚಿಬಿಡ್ರಿ.

ಏಲಕ್ಕಿ_ಹಾರ (ಹಾವೇರಿ)

ಮೂರು ನಾಲ್ಕು ಸಲ ಪೂರ್ತಿ ಬಿಸಿಯಾಗಿ ಆರಿದ ಮೇಲೆ, ತಣ್ಣಗಿರುವಾಗ ಅದೇ 20 ನ್ಯೂಟನ್ ಮೀಟರಿಗೆ ನಟ್ ಮತ್ತೊಮ್ಮೆ ನೋಡಿ, ಹೊಸ ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲಾಗಿರುತ್ತೆ. ಮೇಲಿನ ತಗಡಿನ ಬೋಲ್ಟ್ ಒಂದೂ ಬಿಡದೆ ಹಾಕಿ. ಒಂದು ಬಿಟ್ಟರೂ 2,000 ಆರ್‌ಪಿಎಂ ಹತ್ತಿರ ಝಣಝಣ ಅನ್ನುತ್ತೆ.