ಲಾಗರ್ 42 ಸೆಂ.ಮೀ. ಏರಿಕೆ ತೋರಿಸುತ್ತಿದೆ, ನದಿ ಮಾತ್ರ ಕದಲಿಲ್ಲ!! ಸಹಾಯ ಬೇಕು

ಶರಾವತಿ_ಹುಡುಗ · ಸೋಮವಾರ, ರಾತ್ರಿ 10:42

ತಲೆ ಕೆಟ್ಟು ಹೋಗಿದೆ. ಕೆನಡಾದ ಫೋರ್ಟ್ ಮೆಕ್‌ಮರಿಯಲ್ಲಿ ನದಿಗೆ ಲಾಗರ್ ಇಳಿಸಿದ್ದೇನೆ, ಅಂದರೆ ನೀರಿನ ಒತ್ತಡ ಅಳೆದು ಮಟ್ಟ ಬರೆದಿಡುವ ಯಂತ್ರ. ಮಾರ್ಚ್‌ನಿಂದ ಚೆನ್ನಾಗಿ ನಡೆಯುತ್ತಿತ್ತು. ಶುಕ್ರವಾರದಿಂದ ಏರಲು ಶುರುವಾಯಿತು, ಇವತ್ತಿಗೆ 42 ಸೆಂ.ಮೀ. ಜಾಸ್ತಿ. ದಡಕ್ಕೆ ಹೋಗಿ ನೋಡಿದರೆ ಮಂಜುಗಡ್ಡೆ ಹಾಗೇ ಕೂತಿದೆ. ಒಂದು ಬಿರುಕೂ ಇಲ್ಲ, ಅಂಚಿನಲ್ಲಿ ನೀರೂ ಇಲ್ಲ. ಎರಡು ಸಲ ರೀಸ್ಟಾರ್ಟ್ ಮಾಡಿದೆ, ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಅದೇ ಕಥೆ. ಇನ್ನೊಂದು ವಾರದಲ್ಲಿ ನದಿಯ ಗಡ್ಡೆ ಒಡೆಯಬಹುದು, ಅಷ್ಟರಲ್ಲಿ ಸರಿಯಾಗಬೇಕು. ಯಾರಾದರೂ ಹೇಳಿ.

ಬ್ಯಾಟರಿಭಟ್ಟ · ರಾತ್ರಿ 11:05

ಬ್ಯಾಟರಿ. ಕಣ್ಣು ಮುಚ್ಚಿ ಹೇಳುತ್ತೇನೆ. ಚಳಿಯಲ್ಲಿ ಆಲ್ಕಲೈನ್ ಹಾಕಿದರೆ ವೋಲ್ಟೇಜ್ ಕುಸಿದು ಏನೇನೋ ಅಂಕಿ ಬರುತ್ತದೆ. ಲಿಥಿಯಂ ಎಎ ಹಾಕಿ, ಮೈನಸ್ 40ರವರೆಗೆ ಚಿಂತೆ ಇಲ್ಲ.

ಎಡ್ಮಂಟನ್_ಗೌಡ · ರಾತ್ರಿ 11:31

ಭಟ್ಟರೇ, ಎಲ್ಲದಕ್ಕೂ ಬ್ಯಾಟರಿ ಅಲ್ಲ. ಇದು ಐಸ್ ಜಾಮ್. ನಿಮ್ಮೂರಿನ ಅಥಬಾಸ್ಕಾ ನದಿ ಹರಿಯುವುದು ಉತ್ತರಕ್ಕೆ. ದಕ್ಷಿಣದಲ್ಲಿ ಮೊದಲು ಕರಗುತ್ತದೆ, ಉತ್ತರದಲ್ಲಿ ಇನ್ನೂ ಗಟ್ಟಿ ಇರುತ್ತದೆ. ಊರಿನ ಮೇಲ್ಗಡೆ ರಭಸದ ಇಳಿಜಾರು, ಊರಿನ ಹತ್ತಿರ ಬಂದಾಗ ನದಿ ಸಪಾಟು, ಮಧ್ಯೆ ದ್ವೀಪಗಳು. ಒಡೆದು ಬಂದ ಗಡ್ಡೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕೆಳಗಡೆ ಎಲ್ಲೋ ಜಾಮ್ ಆಗಿ ನೀರು ಹಿಂದಕ್ಕೆ ಒತ್ತುತ್ತಿದೆ. 2020ರ ಏಪ್ರಿಲ್ ನೆನಪಿಲ್ಲವೇ? ಸುಮಾರು 25 ಕಿ.ಮೀ. ಉದ್ದದ ಜಾಮ್, 13,000 ಜನ ಮನೆ ಬಿಟ್ಟರು, ಅದೂ ಕೋವಿಡ್ ಕಾಲದಲ್ಲಿ. ಸುಮ್ನೆ ಕೂರಬೇಡಿ, ಬೇಸ್‌ಮೆಂಟ್ ಖಾಲಿ ಮಾಡಿ.

ನೀರಗಂಟಿ · ಮಂಗಳವಾರ, ಬೆಳಿಗ್ಗೆ 6:20

ಗಾಬರಿ ಹುಟ್ಟಿಸಬೇಡಿ ಗೌಡರೇ. ಮೊದಲು ಮೂರು ಪ್ರಶ್ನೆ. ಯಾವ ನದಿ? ಲಾಗರ್ ಸೀಲ್ ಆದದ್ದೋ, ಅಥವಾ ಕೇಬಲ್ ಒಳಗೆ ಗಾಳಿಯ ಸಣ್ಣ ಕೊಳವೆ ಇರುವಂಥದ್ದೋ? ಉಷ್ಣತೆಯ ಕಾಲಂ ಏನು ಹೇಳುತ್ತದೆ?

ಶರಾವತಿ_ಹುಡುಗ · ಬೆಳಿಗ್ಗೆ 7:48

ಯಾವ ನದಿ ಅಂದರೆ ಕ್ಲಿಯರ್‌ವಾಟರ್, ಊರಿನ ಹತ್ತಿರ ಅಥಬಾಸ್ಕಾಗೆ ಸೇರುವ ಉಪನದಿ. ನನ್ನ ಮನೆ ಆ ಕಡೆ ಅಂತ ಎಲ್ಲರಿಗೂ ಗೊತ್ತಲ್ವಾ? ಕೇಬಲ್ ದಡಕ್ಕೆ ತಂದಿದ್ದೇನೆ, ಫೋನ್‌ನಲ್ಲಿ ಓದುತ್ತೇನೆ. ಕೊಳವೆ ಗಿಳವೆ ಇಲ್ಲ, ಸೀಲ್ ಆದದ್ದೇ. ಅರ್ಧ ಬೆಲೆಗೆ ಸಿಕ್ಕಿತು. ಉಷ್ಣತೆಯ ಕಾಲಂ ಬೇಡ ಅಂತ ಶೀಟ್‌ನಿಂದ ಅಳಿಸಿದ್ದೆ. ಮಂಜುಗಡ್ಡೆ ಕೆಳಗಿನ ನೀರು ಸೊನ್ನೆ ಡಿಗ್ರಿ ತಾನೇ, ನೋಡುವುದೇನಿದೆ?

ಎಡ್ಮಂಟನ್_ಗೌಡ · ಬೆಳಿಗ್ಗೆ 8:02

ಕ್ಲಿಯರ್‌ವಾಟರ್ ಆದರೆ ನನ್ನ ಮಾತು ಇನ್ನೂ ಗಟ್ಟಿಯಾಯಿತು! 2020ರಲ್ಲಿ ಆದದ್ದೂ ಅದೇ. ಅಥಬಾಸ್ಕಾದಲ್ಲಿ ಗಡ್ಡೆ ಕಟ್ಟಿತು, ನೀರು ಕ್ಲಿಯರ್‌ವಾಟರ್ ಒಳಗೆ ಹಿಂದಕ್ಕೆ ನುಗ್ಗಿ ಊರಿಗೆ ಬಂತು.

ನೀರಗಂಟಿ · ಬೆಳಿಗ್ಗೆ 8:40

ಜಾಮ್ ಆಗಬೇಕಾದರೆ ಮೊದಲು ಎಲ್ಲೋ ಒಡೆಯಬೇಕಲ್ಲ. ಶುಕ್ರವಾರದಿಂದ ಅಲ್ಲಿ ಚಳಿ ವಾಪಸ್ ಬಂದಿದೆ, ರಾತ್ರಿ ಮೈನಸ್ 12. ಕರಗುವುದೇ ನಿಂತಿದೆ. ಅಥಬಾಸ್ಕಾದ ಸರ್ಕಾರಿ ಮಾಪಕ, ಅಂದರೆ ಮೆಕ್‌ಮರಿ ಕೆಳಗಿನದ್ದು, ನೋಡಿದೆ. ಗೆರೆ ಸಪಾಟು. ಡ್ರೇಪರ್‌ನಲ್ಲಿರುವ ಕ್ಲಿಯರ್‌ವಾಟರ್ ಮಾಪಕವೂ ಸಪಾಟು.

ಈಗ ಹುಡುಗರೇ, ಸೀಲ್ ಆದ ಲಾಗರ್ ನೀರನ್ನಷ್ಟೇ ತೂಗುವುದಿಲ್ಲ. ನೀರಿನ ಮೇಲಿನ ಗಾಳಿಯನ್ನೂ ಸೇರಿಸಿ ತೂಗುತ್ತದೆ. 1 ಕಿಲೋಪ್ಯಾಸ್ಕಲ್ ಗಾಳಿ ಒತ್ತಡ ಏರಿದರೆ ಸುಮಾರು 10 ಸೆಂ.ಮೀ. ನೀರು ಏರಿದಂತೆ ಕಾಣುತ್ತದೆ. ಚಳಿಯ ಜೊತೆ ಬರುವುದು ಜಾಸ್ತಿ ಒತ್ತಡದ ಗಾಳಿ. ಹವಾಮಾನದವರ ಅಂಕಿ ಗುರುವಾರ 100.3 ಕಿಲೋಪ್ಯಾಸ್ಕಲ್ ಇತ್ತು, ನಿನ್ನೆ 103.0. ವ್ಯತ್ಯಾಸ 2.7. ಅಂದರೆ 27 ಸೆಂ.ಮೀ.ಗೂ ಸ್ವಲ್ಪ ಜಾಸ್ತಿ. ನಿಮ್ಮ 42ರಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಬರೀ ಗಾಳಿ.

ಬ್ಯಾಟರಿಭಟ್ಟ · ಬೆಳಿಗ್ಗೆ 9:15

ಹವಾಮಾನದವರು ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ಅವರ ಊರು ಸಮುದ್ರದಲ್ಲಿಲ್ಲ. ಆ ಲೆಕ್ಕ ತಪ್ಪು.

ನೀರಗಂಟಿ · ಬೆಳಿಗ್ಗೆ 9:22

ಎರಡು ದಿನಕ್ಕೂ ಹೆಚ್ಚುಕಮ್ಮಿ ಒಂದೇ ತಿದ್ದುಪಡಿ. ಕಳೆದಾಗ ಅದೇ ಹೋಗುತ್ತದೆ. ನಮಗೆ ಬೇಕಾದದ್ದು ವ್ಯತ್ಯಾಸ ಮಾತ್ರ.

ಬ್ಯಾಟರಿಭಟ್ಟ · ಬೆಳಿಗ್ಗೆ 9:30

ಸರಿ. ಆದರೂ ಬ್ಯಾಟರಿ ಒಮ್ಮೆ ನೋಡಿ. ನನ್ನ ಹತ್ತಿರ ಮೂರು ಟ್ರೈಲ್ ಕ್ಯಾಮೆರಾ ಇವೆ, 15 ನಿಮಿಷಕ್ಕೊಂದು ಚಿತ್ರ, ಅಕ್ಟೋಬರ್‌ನಲ್ಲಿ ಹಾಕಿದ ಲಿಥಿಯಂ ಇನ್ನೂ ಓಡುತ್ತಿದೆ. ಒಂದಕ್ಕೆ ಸೋಲಾರ್ ಪ್ಯಾನಲ್ ನೇರವಾಗಿ ನಿಲ್ಲಿಸಿದ್ದೇನೆ, ಹಿಮ ಕೂರುವುದೇ ಇಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಟೋರ್ನಿಯೊ_ತಿಪ್ಪೇಶ · ಬೆಳಿಗ್ಗೆ 10:11

ಫಿನ್ಲೆಂಡಿನಿಂದ ನಮಸ್ಕಾರ. ಇಷ್ಟೆಲ್ಲ ಯಂತ್ರ ಯಾಕೆ? ನಮ್ಮ ಟೋರ್ನಿಯೊ ನದಿ ಒಡೆದ ದಿನವನ್ನು 1693ರಿಂದ ಬರೆದಿಟ್ಟಿದ್ದಾರೆ, ಬರೀ ಕಣ್ಣಲ್ಲಿ ನೋಡಿ. ಅಲಾಸ್ಕದ ನೆನಾನಾದಲ್ಲಿ ಗಡ್ಡೆಯ ಮೇಲೆ ಮರದ ಕಂಬ ನಿಲ್ಲಿಸಿ, ಗಡಿಯಾರಕ್ಕೆ ಹಗ್ಗ ಕಟ್ಟುತ್ತಾರೆ. ಗಡ್ಡೆ ಸರಿದರೆ ಹಗ್ಗ ಎಳೆದು ಗಡಿಯಾರ ನಿಲ್ಲುತ್ತದೆ. 1917ರಿಂದ ಅದರ ಮೇಲೆ ಬಾಜಿ. ಅದಕ್ಕೆ ಯಾವ ಲಾಗರ್ ಇದೆ?

ಇನ್ನೊಂದು. ಐಸ್‌ಗೆ ಮಂಜುಗಡ್ಡೆ ಅನ್ನುವುದು ತಪ್ಪು. ಮಂಜು ಅಂದರೆ ಕೊಡಗಿನಲ್ಲಿ ಬೆಳಿಗ್ಗೆ ಕವಿಯುವುದು. ನೀರ್ಗಲ್ಲು ಅನ್ನಿ.

ಎಡ್ಮಂಟನ್_ಗೌಡ · ಬೆಳಿಗ್ಗೆ 10:19

ಬೇಕರಿಯಲ್ಲಿ ಹೋಗಿ ನೀರ್ಗಲ್ಲು ಹಾಕಿದ ಜ್ಯೂಸ್ ಕೇಳಿ, ಏನು ಕೊಡುತ್ತಾರೆ ನೋಡೋಣ.

ಟೋರ್ನಿಯೊ_ತಿಪ್ಪೇಶ · ಬೆಳಿಗ್ಗೆ 10:25

ಹಾಗಾದರೆ ಐಸ್ ಜಾಮ್‌ಗೆ ಕನ್ನಡದಲ್ಲಿ ಏನು ಅಂತೀರಿ? ಸಿಲ್ಕ್ ಬೋರ್ಡ್ ಅಂತಲೇ?

ಶರಾವತಿ_ಹುಡುಗ · ಬೆಳಿಗ್ಗೆ 11:50

ದಯವಿಟ್ಟು ಬೇರೆ ಕಡೆ ಜಗಳ ಆಡಿ. ನೀರಗಂಟಿ ಸರ್, ಗಾಳಿಯ ಒತ್ತಡ ಕಳೆದೆ. ಇನ್ನೂ 14 ಸೆಂ.ಮೀ. ಉಳಿಯಿತು. ವಿಚಿತ್ರ ಅಂದರೆ ಈ 14 ನೆಟ್ಟಗೆ ಏರಿಲ್ಲ. ರಾತ್ರಿ ಏರುತ್ತದೆ, ಮಧ್ಯಾಹ್ನ ಸ್ವಲ್ಪ ಇಳಿಯುತ್ತದೆ. ಉಷ್ಣತೆಯನ್ನೂ ವಾಪಸ್ ತೆಗೆದೆ. ಶನಿವಾರದವರೆಗೆ 0.0. ಆಮೇಲೆ ಮೈನಸ್ 0.3, ಇವತ್ತು ಬೆಳಿಗ್ಗೆ ಮೈನಸ್ 0.7. ಸೆನ್ಸರ್ ಹಾಳಾಗಿದೆಯೇ?

ಎಡ್ಮಂಟನ್_ಗೌಡ · ಮಧ್ಯಾಹ್ನ 12:04

ಉಳಿದ 14 ಜಾಮ್. ನಾನು ಹೇಳಿದ್ದೆ.

ನೀರಗಂಟಿ · ಮಧ್ಯಾಹ್ನ 12:30

ಹರಿಯುವ ಸಿಹಿನೀರು ಮೈನಸ್ 0.7ಕ್ಕೆ ಹೋಗುವುದಿಲ್ಲ. ಹೋಗಿದೆ ಅಂದರೆ ಲಾಗರ್ ಈಗ ನೀರಿನಲ್ಲಿಲ್ಲ, ಗಡ್ಡೆಯ ಒಳಗಿದೆ. ಇಳಿಸಿದ್ದು ಹೇಗೆ, ಸರಿಯಾಗಿ ಹೇಳಿ.

ಶರಾವತಿ_ಹುಡುಗ · ಮಧ್ಯಾಹ್ನ 1:15

ಮಾರ್ಚ್‌ನಲ್ಲಿ ದಡದಿಂದ ಮೂರು ಮೀಟರ್ ಒಳಗೆ ತೂತು ಕೊರೆದು ಪೈಪ್ ಇಳಿಸಿದೆ. ಅದರೊಳಗೆ ಲಾಗರ್. ಪೈಪ್ ಬಗ್ಗೆ ಹೇಳಿರಲಿಲ್ಲವೇ? ಎರಡು ಇಂಚಿನ ಕಬ್ಬಿಣದ್ದು, ತಳ ಮುಚ್ಚಿದ್ದೇನೆ, ನೀರು ಬರಲಿ ಅಂತ ಪಕ್ಕದಲ್ಲಿ ಸಣ್ಣ ತೂತುಗಳು. ಮೇಲೆ ಒಂದು ಮೀಟರ್ ಹೊರಗೆ ಕಾಣುತ್ತದೆ, ಕಿತ್ತಳೆ ಬಣ್ಣ ಹೊಡೆದಿದ್ದೇನೆ. ಹೋದ ಗುರುವಾರ ಸುತ್ತ ಇದ್ದ ಹಿಮ ಕೆರೆದು ಚೊಕ್ಕ ಮಾಡಿದೆ, ದೂರದಿಂದ ಚೆನ್ನಾಗಿ ಕಾಣಲಿ ಅಂತ.

ನೀರಗಂಟಿ · ಮಧ್ಯಾಹ್ನ 1:41

ಸಿಕ್ಕಿತು. ಹಿಮ ಅಂದರೆ ಕಂಬಳಿ. ಅದನ್ನು ನೀವೇ ತೆಗೆದಿರಿ, ಮಾರನೇ ದಿನವೇ ಚಳಿ ಬಂತು. ಹೊರಗೆ ನಿಂತ ಕಬ್ಬಿಣ ಚಳಿಯನ್ನು ನೇರ ಕೆಳಗೆ ಇಳಿಸಿತು. ಮೊದಲು ಪೈಪ್ ಒಳಗಿನ ನೀರಿನ ಮೇಲ್ಭಾಗ ಹೆಪ್ಪುಗಟ್ಟಿ ಬೂಚಿನ ಹಾಗೆ ಕೂತಿತು, ಸಣ್ಣ ತೂತುಗಳೂ ಮುಚ್ಚಿಕೊಂಡವು. ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ಹೋಗಲು ಜಾಗವಿಲ್ಲ, ಲಾಗರ್ ಮುಖವನ್ನು ಒತ್ತುತ್ತದೆ. ಅದನ್ನೇ ಅದು ನೀರಿನ ಮಟ್ಟ ಅಂದುಕೊಂಡಿದೆ. ರಾತ್ರಿ ಏರಿ ಮಧ್ಯಾಹ್ನ ಇಳಿಯುವುದೂ ಅದಕ್ಕೇ. ನಮ್ಮಲ್ಲಿ ಫ್ರೀಜರ್‌ನಲ್ಲಿ ಗಾಜಿನ ಬಾಟಲಿ ಮರೆತರೆ ಏನಾಗುತ್ತದೋ ಅದೇ. ಇನ್ನೂ ಒತ್ತಿದರೆ ಸೆನ್ಸರ್‌ನ ಪೊರೆ ಬಾಗಿ ಹೋಗಬಹುದು. ಹಾಗಾಗಿದ್ದರೆ ಕರಗಿದ ಮೇಲೂ ಅಂಕಿ ಮೊದಲಿನ ಜಾಗಕ್ಕೆ ಬರುವುದಿಲ್ಲ.

ಬರುವ ವರ್ಷ ಕಬ್ಬಿಣ ಬೇಡ, ಪೈಪೇ ಬೇಡ. ನೀರು ಗಟ್ಟುವ ಮೊದಲೇ, ಶರತ್ಕಾಲದಲ್ಲಿ, ಭಾರ ಕಟ್ಟಿ ಆಳದ ತಳದಲ್ಲಿ ಕೂರಿಸಿ. ಇನ್ನೊಂದು ಸೀಲ್ ಲಾಗರ್ ದಡದ ಮರಕ್ಕೆ ನೆರಳಿನಲ್ಲಿ ಕಟ್ಟಿ, ಗಾಳಿ ಒತ್ತಡಕ್ಕೆ.

ಶರಾವತಿ_ಹುಡುಗ · ಮಧ್ಯಾಹ್ನ 1:55

ಹಾಗಾದರೆ ಸಂಜೆ ಹೋಗಿ ಒಂದು ಬಕೆಟ್ ಬಿಸಿನೀರು ಪೈಪ್‌ಗೆ ಸುರಿಯಲೇ?

ನೀರಗಂಟಿ · ಮಧ್ಯಾಹ್ನ 1:57

ಬೇಡ. ಏಪ್ರಿಲ್‌ನ ಗಡ್ಡೆಯ ಮೇಲೆ ಕಾಲಿಡಬೇಡಿ. ದಪ್ಪ ಇದ್ದರೂ ಬಿಸಿಲಿಗೆ ಒಳಗೊಳಗೇ ಮೇಣದಬತ್ತಿಯ ಕಟ್ಟಿನ ಹಾಗೆ ಬಿಡಿಬಿಡಿಯಾಗಿರುತ್ತದೆ. ಅಂಚು ಮೊದಲು ಹೋಗುತ್ತದೆ. ಗುರುವಾರ ಹೋಗಿ ಬಂದದ್ದೇ ಅದೃಷ್ಟ.

ಬ್ಯಾಟರಿಭಟ್ಟ · ಮಧ್ಯಾಹ್ನ 2:20

ಲಾಗರ್ ಹೋದರೆ ಹೋಗಲಿ, ದಡದ ಮರಕ್ಕೆ ಕ್ಯಾಮೆರಾ ಕಟ್ಟಿ. ಎದುರು ದಡದಲ್ಲಿ ಅಳತೆಗೆ ಒಂದು ಗುರುತು ಇರಲಿ. ಬ್ಯಾಟರಿ ಯಾವುದು ಅಂತ ಮತ್ತೆ ಹೇಳುವುದಿಲ್ಲ.

ಎಡ್ಮಂಟನ್_ಗೌಡ · ಮಧ್ಯಾಹ್ನ 2:44

ಈಗ ಜಾಮ್ ಇಲ್ಲ ಅಂತ ಒಪ್ಪಿದೆ. ಬೇಸ್‌ಮೆಂಟ್ ವಿಷಯ ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಶರಾವತಿ_ಹುಡುಗ · ಎಂಟು ದಿನದ ನಂತರ, ಬೆಳಿಗ್ಗೆ 5:33

ನಿನ್ನೆ ರಾತ್ರಿ ಹೋಯಿತು. ಹತ್ತೂವರೆಗೆ ಗೂಡ್ಸ್ ರೈಲಿನಂಥ ಸದ್ದು. ಟಾರ್ಚ್ ಬಿಟ್ಟು ದಡದ ಮೇಲಿನಿಂದಲೇ ನೋಡಿದೆ. ಕಿತ್ತಳೆ ಪೈಪ್ ನೆಟ್ಟಗೆ ನಿಂತುಕೊಂಡೇ ಗಡ್ಡೆಯ ಜೊತೆ ತೇಲಿ ಹೋಯಿತು, ಕೇಬಲ್ ಪಟ್ ಅಂತ ಕಿತ್ತುಬಂತು. ಊರಿಗೆ ನೀರು ಬರಲಿಲ್ಲ. ಭಟ್ಟರೇ, ಕ್ಯಾಮೆರಾ ಕಟ್ಟಿದ್ದೆ. ಆಲ್ಕಲೈನ್ ಹಾಕಿದ್ದೆ. ಮೊನ್ನೆ ಸಂಜೆಗೇ ನಿಂತಿದೆ.

ಬ್ಯಾಟರಿಭಟ್ಟ · ಬೆಳಿಗ್ಗೆ 5:41

😶

ಎಡ್ಮಂಟನ್_ಗೌಡ · ಬೆಳಿಗ್ಗೆ 7:10

ಕೇಬಲ್ ಕೀಳುವ ಮೊದಲಿನ ಎರಡು ಗಂಟೆಯ ಅಂಕಿ ಫೋನ್‌ನಲ್ಲಿ ಇರಬೇಕಲ್ಲ? ಹಾಕಿ. ಜಾಮ್ ಇತ್ತೋ ಇಲ್ಲವೋ ನೋಡೇಬಿಡೋಣ.