ಮಗನ ಮೊಬೈಲಿನಲ್ಲಿ ಗಾಂಜಾದ ಮಾತು: ಓದುಗರ ಸ್ಪಂದನ

(16 ವರ್ಷದ ಮಗನ ಮೊಬೈಲಿನಲ್ಲಿ ‘ಸ್ಟಫ್’ (ಗಾಂಜಾದಂಥ ಮಾದಕ ವಸ್ತು), ‘ಜಾಯಿಂಟ್’ (ಗಾಂಜಾ ತುಂಬಿದ ಸಿಗರೇಟು) ಎಂಬ ಮಾತುಗಳನ್ನು ಕಂಡು ಗಾಬರಿಯಾದ ತಾಯಿಯೊಬ್ಬರು ಬರೆದಿದ್ದರು. ‘ಇದೆಲ್ಲ ಎಲ್ರಿಗೂ ಗೊತ್ತಮ್ಮಾ, ನಾನು ಒಂದೆರಡು ಸಲ ಎಳೆದಿದ್ದೀನಿ ಅಷ್ಟೇ’ ಎನ್ನುತ್ತಾನಂತೆ ಮಗ. ಅವನಿಗೆ ತಿಳಿಯದಂತೆ ಮೂತ್ರ ಪರೀಕ್ಷೆ ಮಾಡಿಸಲೇ ಎಂದು ಅವರು ಕೇಳಿದ್ದರು.)

ಅಮ್ಮಾ, ಈ ಪದಗಳು ಇವತ್ತು ಒಮ್ಮೆಯೂ ಸೇದದ ಮಕ್ಕಳಿಗೂ ಗೊತ್ತು. ಹಾಡು, ರೀಲ್ಸ್, ವೆಬ್ ಸರಣಿ, ಎಲ್ಲದರಲ್ಲೂ ಇವೆ. ಅದಕ್ಕೆ ಹೆದರಬೇಡಿ. ಆದರೆ ಎಳೆದಿದ್ದೀನಿ ಎಂದು ಅವನೇ ಹೇಳಿದ್ದಾನಲ್ವಾ, ಅಲ್ಲಿಂದ ಮಾತು ಮುಂದುವರಿಸಿ. ಯಾರು ಕೊಟ್ಟರು ಎಂದು ಮೊದಲೇ ಕೇಳಿದರೆ ಗೆಳೆಯರನ್ನು ಕಾಪಾಡಲು ಬಾಯಿ ಮುಚ್ಚಿಕೊಳ್ಳುತ್ತಾನೆ. ಸೇದಿದಾಗ ಹೇಗನ್ನಿಸಿತು, ಏನು ಹಗುರಾಯಿತು ಎಂದು ಕೇಳಿ. ನಿದ್ದೆ ಬರುವುದಿಲ್ಲ, ಪರೀಕ್ಷೆಯ ಭಯ ಅಂದನೋ, ನೀವು ಹಿಡಿಯಬೇಕಾದ ಎಳೆ ಅದೇ.
– ಹೈಸ್ಕೂಲ್ ಶಿಕ್ಷಕಿ

ಕದ್ದು ಪರೀಕ್ಷೆ ಖಂಡಿತ ಬೇಡ. ಅದು ಗೊತ್ತಾದ ದಿನ ಅವನು ನಿಮ್ಮ ಬಳಿ ಮಾತು ನಿಲ್ಲಿಸುತ್ತಾನೆ. ಅದರಿಂದ ತಿಳಿಯುವುದೂ ಕಡಿಮೆ. ಒಮ್ಮೆ ಸೇದಿದರೆ ಕೆಲವು ದಿನ, ದಿನವೂ ಸೇದುವವರಲ್ಲಿ ಕೆಲವು ವಾರಗಳವರೆಗೆ ಗಾಂಜಾದ ಗುರುತು ಮೂತ್ರದಲ್ಲಿ ಸಿಗುತ್ತದೆ. ಎಷ್ಟು ಸೇದಿದ, ಈಗಲೂ ಸೇದುತ್ತಾನಾ ಎಂಬುದನ್ನು ಕಿಟ್ ಹೇಳುವುದಿಲ್ಲ. ವೈಟ್ನರ್, ಅಂಟಿನಂಥ ವಸ್ತು ಮೂಸಿದ್ದರೆ ಸಾಮಾನ್ಯ ಕಿಟ್‌ಗೆ ಸಿಕ್ಕುವುದೇ ಇಲ್ಲ.

ಒಂದು ಎಳೆತಕ್ಕೇ ಸಾಯ್ತೀಯ ಎಂದು ಸುಮ್ನೆ ಹೆದರಿಸಬೇಡಿ. ಗೆಳೆಯರು ಸತ್ತಿಲ್ಲ ಎಂಬುದನ್ನು ಅವನು ನೋಡಿದ್ದಾನೆ. ಆಮೇಲೆ ನೀವು ನಿಜ ಹೇಳಿದರೂ ನಂಬುವುದಿಲ್ಲ. ನಿಜವೇ ಸಾಕಷ್ಟಿದೆ. ಮುಂದಾಲೋಚನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಮೆದುಳಿನ ಭಾಗ ಪೂರ್ತಿ ಬೆಳೆಯಲು ಹೆಚ್ಚುಕಡಿಮೆ 25 ವರ್ಷ ಬೇಕು. ಎಳೆಯ ವಯಸ್ಸಿನಲ್ಲಿ ಶುರುಮಾಡಿದವರು ಚಟಕ್ಕೆ ಬೀಳುವುದು ಜಾಸ್ತಿ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ, ಅಂಥವರಿಗೆ ಗಾಂಜಾ ಇನ್ನೂ ಅಪಾಯ. ವೈಟ್ನರ್ ಮೂಸಿದರೆ ಮೊದಲ ಸಲವೇ ಹೃದಯ ನಿಂತುಹೋಗಬಹುದು. ನಿದ್ದೆ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು.

ನಿದ್ದೆಯ ಹೊತ್ತು ತಲೆಕೆಳಗಾದರೆ, ಹಳೆಯ ಗೆಳೆಯರು ದೂರವಾದರೆ, ಇಷ್ಟದ ಆಟ ಬಿಟ್ಟರೆ, ಮನೆಯಲ್ಲಿ ದುಡ್ಡು ಕಾಣೆಯಾಗುತ್ತಿದ್ದರೆ ಅವನನ್ನೂ ಕರೆದುಕೊಂಡು ಮನೋವೈದ್ಯರ ಬಳಿ ಹೋಗಿ. ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆಗೇಡು ಇರಬಹುದು. ಅದನ್ನು ಸೊಕ್ಕು ಅಂದುಕೊಳ್ಳಬೇಡಿ, ಪ್ಲೀಸ್.
– ಆಪ್ತ ಸಮಾಲೋಚಕಿ

ಫೋನ್ ಕಿತ್ತುಕೊಂಡರೆ ಗೆಳೆಯನ ಫೋನ್ ಇದ್ದೇ ಇರುತ್ತದೆ. ನಮ್ಮ ಅಪ್ಪ ಒಂದೇ ಮಾತು ಹೇಳಿದ್ದರು: ‘ಎಲ್ಲಿದ್ರೂ, ಎಷ್ಟೊತ್ತಾದ್ರೂ ಫೋನ್ ಮಾಡು. ಬರ್ತೀನಿ. ಆ ರಾತ್ರಿ ಬೈಯಲ್ಲ.’ ಗೆಳೆಯನೊಬ್ಬ ಪಾರ್ಟಿಯಲ್ಲಿ ಏನೋ ಮಾತ್ರೆ ನುಂಗಿ ಎಚ್ಚರ ತಪ್ಪಿದಾಗ ಉಳಿದವರೆಲ್ಲ ಮನೆಗೆ ಗೊತ್ತಾಗುತ್ತದೆಂದು ನಡುಗುತ್ತಿದ್ದರು. ನಾನು ಅಪ್ಪನಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಕರೆಸಿದವರು ಅವರೇ. ನಿಮ್ಮ ಮಗನಿಗೂ ಇದನ್ನು ಹೇಳಿಕೊಡಿ: ಎಚ್ಚರ ತಪ್ಪಿದವರನ್ನು ಮಲಗಿ ಸರಿಹೋಗಲಿ ಎಂದು ಬಿಟ್ಟು ಹೋಗಬಾರದು. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಕೂಡಲೇ ಆಂಬುಲೆನ್ಸ್ ಕರೆಯಬೇಕು, ಏನು ತಗೊಂಡರು ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.
– ಕಾಲೇಜು ವಿದ್ಯಾರ್ಥಿ